ಅಮ್ಮನ ವಿಗ್ ಹಣೆಗೆ ಹೊಂದಿಕೊಂಡ ಬಗೆ

ಕಿಮೊಥೆರಪಿಯಲ್ಲಿ ಕೂದಲು ಉದುರಿದ ಮೇಲೆ ಅಮ್ಮನಿಗೆ, ಮುಂಭಾಗದಲ್ಲಿ ಲೇಸ್ (ಕೂದಲನ್ನು ಗಂಟು ಹಾಕಿ ಕಟ್ಟಿರುವ ತೆಳುವಾದ ಬಲೆಬಟ್ಟೆ) ಇರುವ, ನಿಜವಾದ ಕೂದಲಿನ ವಿಗ್ ತಂದೆವು. ಹಾಕಿಕೊಂಡು ಕನ್ನಡಿ ನೋಡಿದವಳೇ "ಟೊಪ್ಪಿಗೆ ಇಟ್ಟ ಹಾಗಿದೆ, ಬೇಡ" ಎಂದು ತೆಗೆದಿಟ್ಟಳು. ನನಗೆ ಬಹಳ ನೋವಾಯಿತು.

ಮೊದಲ ತಪ್ಪು ಸುಲಭದ್ದು: ವಿಗ್ ತೀರಾ ಕೆಳಗೆ ಕುಳಿತಿತ್ತು. ಹುಬ್ಬಿನಿಂದ ಮೇಲಕ್ಕೆ ಅವಳದೇ ನಾಲ್ಕು ಬೆರಳಿನಷ್ಟು ಜಾಗ ಬಿಟ್ಟು ಕೂರಿಸಿ, ಹಿಂಬದಿಯ ಪಟ್ಟಿ ಬಿಗಿ ಮಾಡಿದೆ.

ಆದರೂ ಅಂಚು ಗೆರೆ ಎಳೆದಂತೆಯೇ ಇತ್ತು. ಹುಟ್ಟುಕೂದಲು ಹಣೆಯಲ್ಲಿ ವಿರಳವಾಗಿ ಆರಂಭವಾಗಿ ಹಿಂದೆ ಹೋದಂತೆ ದಟ್ಟವಾಗುತ್ತದೆ; ಇಲ್ಲಿ ಮೊದಲ ಸಾಲೇ ದಟ್ಟ. ವಿಗ್ಗನ್ನು ಸ್ಟ್ಯಾಂಡಿಗೆ ಗುಂಡುಸೂಜಿಗಳಿಂದ ಸಿಕ್ಕಿಸಿ, ಚಿಮಟದಿಂದ ಒಂದೊಂದೇ ಕೂದಲು ಕಿತ್ತೆ. ಒಂದೇ ಜಾಗದಲ್ಲಿ ಕಿತ್ತರೆ ಅಲ್ಲಿ ಬೋಳಾಗಿ ಕಾಣುತ್ತದೆ. ಅದಕ್ಕೇ ಅಂಚಿನ ಹಿಂದಿನ ಸಾಲುಗಳಲ್ಲಿ ಅಲ್ಲೊಂದು ಇಲ್ಲೊಂದು ಕಿತ್ತು, ಆಗಾಗ ಬಾಚಿ, ದೂರ ನಿಂತು ನೋಡುತ್ತಿದ್ದೆ. ಕಿತ್ತದ್ದನ್ನು ಮತ್ತೆ ನೆಡುವುದು ನನ್ನಿಂದಾಗದ ಕೆಲಸ, ಕೈ ನಡುಗುತ್ತಿತ್ತು. ಎರಡು ಸಂಜೆ ಹಿಡಿಯಿತು.

ಹೆಚ್ಚಾದ ಲೇಸನ್ನು ನೇರವಾಗಿ ಕತ್ತರಿಸದೆ ಸಣ್ಣದಾಗಿ ಅಂಕುಡೊಂಕಾಗಿ ಕತ್ತರಿಸಿದೆ. ಕೂದಲು ಕಟ್ಟಿದ ಗಂಟುಗಳು ಕಪ್ಪು ಚುಕ್ಕಿಗಳಂತೆ ಕಾಣುತ್ತಿದ್ದವು. ಅವನ್ನು ಬ್ಲೀಚ್ ಮಾಡುವವರಿದ್ದಾರೆ, ಆದರೆ ಅಮ್ಮನ ಚರ್ಮ ಆಗ ಬಹಳ ಸೂಕ್ಷ್ಮವಾಗಿತ್ತು; ರಾಸಾಯನಿಕವೂ ಬೇಡ, ಅಂಟೂ ಬೇಡ ಎನಿಸಿತು. ಲೇಸಿನ ಒಳಬದಿಗೆ ಅವಳ ಮೈಬಣ್ಣದ ಪೌಡರನ್ನು ತೆಳುವಾಗಿ ಒತ್ತಿದೆ, ಬೈತಲೆಗೂ ಅಷ್ಟೇ.

ಮಾರನೆಯ ಬೆಳಿಗ್ಗೆ ಅಮ್ಮ ತಲೆಗೆ ಸೆರಗು ಹೊದೆಯದೆ ಬಾಗಿಲಿಗೆ ಹೋಗಿ, ಹೂವಿನವಳಿಂದ ಒಂದು ಮೊಳ ಮಲ್ಲಿಗೆ ಕೊಂಡಳು.