ಹಾಡಬೇಕಾದವರು ಎದುರಿಗೆ ಕುಳಿತವರು

ಚರ್ಚಿನಲ್ಲಿ ಭಾನುವಾರದ ಆರಾಧನೆಯಲ್ಲಿ ಹಾಡು ನಡೆಸುವುದು ನನ್ನ ಪಾಲಿನ ಸೇವೆ. ಹೊಟ್ಟೆಪಾಡಿನ ಉದ್ಯೋಗ ಬೇರೆ ಇದೆ. ಇದು ಸಭೆ, ಅಂದರೆ ಚರ್ಚಿನಲ್ಲಿ ಕೂಡುವ ಜನ, ಒಪ್ಪಿಸಿದ ಕೆಲಸ. ಸಂಗೀತ ತಂಡಕ್ಕೆ ಹೊಸದಾಗಿ ಸೇರುವ ಹುಡುಗರು ಸಾಮಾನ್ಯವಾಗಿ ಮೊದಲು ಕೇಳುವ ಪ್ರಶ್ನೆ ಒಂದೇ: "ಅಣ್ಣಾ, ಯಾವ ಹಾಡು ತೆಗೆದುಕೊಂಡರೆ ಜನ ಚೆನ್ನಾಗಿ ಹಾಡುತ್ತಾರೆ?" ನನ್ನ ಉತ್ತರ ಅವರಿಗೆ ಅಷ್ಟಾಗಿ ರುಚಿಸುವುದಿಲ್ಲ. ಹಾಡನ್ನು ಆಮೇಲೆ ಆರಿಸೋಣ, ಮೊದಲು ಶ್ರುತಿ ನೋಡು ಎನ್ನುತ್ತೇನೆ.

ಧ್ವನಿಮುದ್ರಣಗಳ ಮೂಲಕ ಜನಪ್ರಿಯವಾಗುವ ಆರಾಧನಾ ಗೀತೆಗಳನ್ನು ಹಾಡಿದವರಲ್ಲಿ ಏರುಕಂಠದ ಗಂಡಸರು ಬಹಳ. ಚರಣವನ್ನು ತಗ್ಗಿನಲ್ಲಿ ಮೆಲ್ಲಗೆ ಆರಂಭಿಸಿ, ಪಲ್ಲವಿಗೆ ಬರುವಾಗ ಸ್ಥಾಯಿ ಏರಿಸುತ್ತಾರೆ. ಕೇಳಲು ಸೊಗಸು. ಅದೇ ಸ್ಕೇಲನ್ನು, ಅಂದರೆ ಅದೇ ಶ್ರುತಿಯನ್ನು, ಸಭೆಯ ಮುಂದಿಟ್ಟರೆ ಪಲ್ಲವಿ ಬರುವ ಹೊತ್ತಿಗೆ ಅರ್ಧ ಜನ ಕೈಬಿಟ್ಟಿರುತ್ತಾರೆ. ಕೆಲವರು ಕೆಳಗಿಳಿದು ಗುನುಗುತ್ತಾರೆ, ಉಳಿದವರು ಪರದೆಯ ಮೇಲಿನ ಸಾಲುಗಳನ್ನು ಓದುತ್ತಾ ನಿಲ್ಲುತ್ತಾರೆ. ಆಮೇಲೆ ತಂಡದವರು "ಈಚೆಗೆ ಜನರಲ್ಲಿ ಭಕ್ತಿ ಕಡಿಮೆಯಾಗಿದೆ" ಎಂದು ಮಾತಾಡಿಕೊಳ್ಳುವುದನ್ನು ಕೇಳಿದ್ದೇನೆ. ಭಕ್ತಿ ಇದ್ದಲ್ಲೇ ಇದೆ. ಗಂಟಲಿಗೆ ಎಟುಕಲಿಲ್ಲ, ಅಷ್ಟೆ.

ಹೊಸ ಹಾಡು ಕೈಗೆ ಬಂದಾಗ ಅದರ ಅತಿ ಮೇಲಿನ ಸ್ವರವನ್ನೂ ಅತಿ ಕೆಳಗಿನ ಸ್ವರವನ್ನೂ ಕೀಬೋರ್ಡಿನಲ್ಲಿ ಹುಡುಕಿ ಹಾಳೆಯ ಮೂಲೆಯಲ್ಲಿ ಬರೆದಿಡುತ್ತೇನೆ. ಸಂಗೀತ ಕಲಿಯದ ಕಂಠ ಆಯಾಸವಿಲ್ಲದೆ ಓಡಾಡುವುದು ಸುಮಾರು ಒಂದು ಸ್ಥಾಯಿ, ಹೆಚ್ಚೆಂದರೆ ಅದರ ಮೇಲೆ ಒಂದೆರಡು ಸ್ವರ. ಗಂಡಸರೂ ಹೆಂಗಸರೂ ಒಂದು ಸ್ಥಾಯಿಯ ಅಂತರದಲ್ಲಿ ಅವೇ ಸ್ವರಗಳನ್ನು ಹಾಡುವುದರಿಂದ ಇಬ್ಬರಿಗೂ ಹೆಚ್ಚುಕಡಿಮೆ ಒಂದೇ ಲೆಕ್ಕ ನಡೆಯುತ್ತದೆ. ಪಾಶ್ಚಾತ್ಯ ಸ್ವರಗಳ ಹೆಸರಿನಲ್ಲಿ ಹೇಳುವುದಾದರೆ ಕೆಳಗೆ ಬಿ ಫ್ಲ್ಯಾಟ್, ಮೇಲೆ ಡಿ: ಇದು ನಾನು ಇಟ್ಟುಕೊಂಡ ಮಿತಿ. ಮೇಲಿನ ಇ ಕ್ಷಣಮಾತ್ರ ಬಂದು ಹೋದರೆ ಸಭೆ ತಾಳಿಕೊಳ್ಳುತ್ತದೆ. ಅಲ್ಲೇ ನಿಂತು ನಾಲ್ಕು ಎಣಿಕೆ ಎಳೆಯಬೇಕೆಂದರೆ ಆಗದು.

ಮೂಲದಲ್ಲಿ ಬಿ ಸ್ಕೇಲಿನಲ್ಲಿರುವ ಒಂದು ಹಾಡನ್ನು ತೆಗೆದುಕೊಳ್ಳಿ. ಪಲ್ಲವಿಯ ತುದಿ ಮೇಲಿನ ಎಫ್ ಶಾರ್ಪ್. ನಾಲ್ಕು ಅರ್ಧಸ್ವರ ಇಳಿಸಿ ಜಿ ಸ್ಕೇಲಿಗೆ ತಂದರೆ ತುದಿ ಡಿಗೆ ಬಂದು ಕೂರುತ್ತದೆ, ಪಲ್ಲವಿಯ ತೊಂದರೆ ಮುಗಿಯಿತು. ಆದರೆ ಚರಣದ ಬುಡದಲ್ಲಿದ್ದ ಬಿ ಈಗ ಕೆಳಗಿನ ಜಿ ಆಗಿದೆ. ಅಷ್ಟು ತಗ್ಗಿನಲ್ಲಿ ಯಾರ ದನಿಯೂ ಪಕ್ಕದವರಿಗೆ ಕೇಳಿಸದು. ಇಲ್ಲಿ ರಾಜಿ ಮಾಡಿಕೊಳ್ಳಲೇಬೇಕು. ಎ ಸ್ಕೇಲಿನಲ್ಲಿ ನಿಲ್ಲಿಸಿ ಮೇಲೂ ಕೆಳಗೂ ಕಷ್ಟವನ್ನು ಹಂಚಬಹುದು. ಇಲ್ಲವೇ ಜಿಯಲ್ಲೇ ಇಟ್ಟು, ಚರಣವನ್ನು ತಂಡದಲ್ಲಿ ತಗ್ಗಿನ ಕಂಠವಿರುವ ಒಬ್ಬರಿಂದ ಹಾಡಿಸಿ, ಪಲ್ಲವಿಗೆ ಎಲ್ಲರನ್ನೂ ಕರೆದುಕೊಳ್ಳಬಹುದು. ನನಗೆ ಎರಡನೆಯ ದಾರಿಯೇ ಇಷ್ಟ. ಹಾಡು ಗೊತ್ತಿಲ್ಲದವರಿಗೆ ಚರಣದ ಹೊತ್ತಿನಲ್ಲಿ ರಾಗ ಕಿವಿಗೆ ಬೀಳುತ್ತದೆ, ಉಸಿರೂ ಸಿಗುತ್ತದೆ. ಇಷ್ಟಾದರೂ ಒಗ್ಗದ ಹಾಡುಗಳು ಇದ್ದೇ ಇರುತ್ತವೆ. ಅವು ಕೇಳುವ ಹಾಡುಗಳು ಎಂದು ಬದಿಗಿಡುತ್ತೇನೆ, ಎಷ್ಟೇ ಚೆನ್ನಾಗಿದ್ದರೂ.

ಬೆಳಗಿನ ಆರಾಧನೆಗೆ ಇನ್ನೂ ಅರ್ಧಸ್ವರ ಇಳಿಸುತ್ತೇನೆ. ಎದ್ದು ಹೆಚ್ಚು ಹೊತ್ತಾಗದ ಗಂಟಲು ಸಂಜೆಯಷ್ಟು ಮೇಲೆ ಹೋಗದು. ಕೀಬೋರ್ಡಿನಲ್ಲಿ ಸ್ಕೇಲ್ ಬದಲಿಸುವ ಗುಂಡಿ ಇರುತ್ತದಲ್ಲ, ಅದು ಉಪಕಾರಿಯೂ ಹೌದು, ಅಪಾಯಕಾರಿಯೂ ಹೌದು. ಹಿಂದಿನ ಹಾಡಿಗೆ ಇಳಿಸಿದ್ದು ಮುಂದಿನದಕ್ಕೂ ಹಾಗೆಯೇ ಉಳಿದರೆ ಗಿಟಾರ್ ಒಂದು ಕಡೆ, ಕೀಬೋರ್ಡ್ ಇನ್ನೊಂದು ಕಡೆ. ಆದ್ದರಿಂದ ಪ್ರತಿ ಹಾಡಿನ ಹಾಳೆಯ ನೆತ್ತಿಯ ಮೇಲೆ ಎಷ್ಟು ಇಳಿಸಬೇಕೆಂಬ ಅಂಕಿಯನ್ನೂ, ಗಿಟಾರ್ ನುಡಿಸುವವರಿಗೆ ಕ್ಯಾಪೊ (ತಂತಿಗಳನ್ನು ಒತ್ತಿಹಿಡಿದು ಶ್ರುತಿ ಏರಿಸುವ ಹಿಡಿಕೆ) ಯಾವ ಮನೆಯಲ್ಲಿ ಎಂಬುದನ್ನೂ ದಪ್ಪಕ್ಷರದಲ್ಲಿ ಬರೆಸುತ್ತೇನೆ.

ಹಾಡುಗಳ ಆಯ್ಕೆ ವಾರದ ಮಧ್ಯದಲ್ಲಿ ಆರಂಭವಾಗುತ್ತದೆ. ಸಭಾಪಾಲಕರಿಂದ ಆ ಭಾನುವಾರದ ವಾಕ್ಯಭಾಗವನ್ನು ಕೇಳಿಕೊಂಡ ನಂತರವೇ ಪಟ್ಟಿ ಮಾಡಲು ಕೂರುತ್ತೇನೆ. ಪಾಠಾವಳಿಯನ್ನು, ಅಂದರೆ ಯಾವ ಭಾನುವಾರ ಬೈಬಲಿನ ಯಾವ ಭಾಗ ಓದಬೇಕೆಂಬ ಪಟ್ಟಿಯನ್ನು, ಅನುಸರಿಸುವ ಸಭೆಗಳಲ್ಲಿ ಈ ಕೆಲಸ ಹಗುರ. ಹಲವು ಪ್ರೊಟೆಸ್ಟಂಟ್ ಸಭೆಗಳು ಬಳಸುವ, 1992ರಲ್ಲಿ ಪ್ರಕಟವಾದ ಸಾಮಾನ್ಯ ಪಾಠಾವಳಿ ಮೂರು ವರ್ಷಗಳ ಸುತ್ತು: ಒಂದು ವರ್ಷ ಮುಖ್ಯವಾಗಿ ಮತ್ತಾಯ, ಮರುವರ್ಷ ಮಾರ್ಕ, ಆಮೇಲೆ ಲೂಕ, ಯೋಹಾನನ ಸುವಾರ್ತೆ ಮೂರರಲ್ಲೂ ಅಲ್ಲಲ್ಲಿ ಬರುತ್ತದೆ. ಮುಂದಿನ ತಿಂಗಳ ವಾಕ್ಯ ಇಂದೇ ತಿಳಿದಿರುವುದರಿಂದ ಹೊಸ ಹಾಡು ಕಲಿಸಲು ಸಮಯ ಸಿಗುತ್ತದೆ.

ಕ್ರಮ ಹೇಗಿರಬೇಕು ಎಂಬುದಕ್ಕೆ ನನಗೆ ಮಾದರಿ ಬೈಬಲಿನ 95ನೆಯ ಕೀರ್ತನೆ. ಬನ್ನಿರಿ, ಉತ್ಸಾಹಧ್ವನಿ ಮಾಡೋಣ ಎಂದು ಗಟ್ಟಿಯಾಗಿ ಆರಂಭವಾಗುತ್ತದೆ. ದೇವರು ಯಾರು, ಭೂಮಿ ಸಮುದ್ರಗಳು ಯಾರವು ಎಂದು ಹೇಳುತ್ತದೆ. ಆರನೆಯ ವಚನಕ್ಕೆ ಬರುವಾಗ ಮೊಣಕಾಲೂರಲು ಕರೆಯುತ್ತದೆ. ಏಳರಲ್ಲಿ ಆತನ ಶಬ್ದಕ್ಕೆ ಕಿವಿಗೊಡಲು ಹೇಳುತ್ತದೆ. ಕೂಗಿನಿಂದ ಮೊಣಕಾಲಿಗೆ, ಅಲ್ಲಿಂದ ಆಲಿಸುವಿಕೆಗೆ. ಪ್ರಸಂಗಕ್ಕೆ (ಸಭಾಪಾಲಕರ ಬೋಧನೆಗೆ) ಮುಂಚಿನ ಹಾಡುಗಳನ್ನು ಈ ಇಳಿಜಾರಿನಲ್ಲಿ ಜೋಡಿಸಿದರೆ ಪ್ರಸಂಗಕ್ಕೆ ಎದ್ದು ನಿಲ್ಲುವವರಿಗೆ ಸಭೆಯನ್ನು ಸುಮ್ಮನಾಗಿಸುವ ಶ್ರಮ ಇರುವುದಿಲ್ಲ. ಪ್ರಸಂಗದ ಹೊಸ್ತಿಲಲ್ಲಿ ಚಪ್ಪಾಳೆಯ ಹಾಡು ಇಡುವವರೂ ಇದ್ದಾರೆ. ನನಗೆ ಅದು ಒಗ್ಗುವುದಿಲ್ಲ.

ಸಾಹಿತ್ಯದ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ರಾಗವಿಲ್ಲದೆ ಸಾಲುಗಳನ್ನು ಒಮ್ಮೆ ಗಟ್ಟಿಯಾಗಿ ಓದುತ್ತೇನೆ. ಓದಿದಾಗ ಏನನ್ನೂ ಹೇಳದ ಹಾಡು ಹಾಡಿದಾಗ ಹೇಳಿದಂತೆ ಅನಿಸಿದರೆ ಅದು ರಾಗದ ಮಾಯೆ. ಆತ್ಮದಿಂದಲೂ ಹಾಡುವೆನು, ಬುದ್ಧಿಯಿಂದಲೂ ಹಾಡುವೆನು ಎಂಬ ಅರ್ಥದಲ್ಲಿ ಪೌಲನು ಕೊರಿಂಥದವರಿಗೆ ಬರೆದದ್ದು ಇಂಥ ಜಾಗಕ್ಕೆ ಸರಿಯಾಗಿ ಹೊಂದುತ್ತದೆ. ಪಟ್ಟಿಯ ಎಲ್ಲ ಹಾಡುಗಳೂ "ನಾನು, ನನ್ನ, ನನಗೆ" ಎನ್ನುತ್ತಿದ್ದರೆ ಒಂದನ್ನು ತೆಗೆದು "ನಾವು" ಎನ್ನುವ ಹಾಡನ್ನು ಸೇರಿಸುತ್ತೇನೆ. ಹೊಸ ಹಾಡು ಒಂದು ಆರಾಧನೆಗೆ ಒಂದಕ್ಕಿಂತ ಹೆಚ್ಚು ಬೇಡ, ಕಲಿಸಿದ್ದನ್ನು ಮುಂದಿನ ವಾರಗಳಲ್ಲಿ ಬಿಡದೆ ಹಾಡಿಸಬೇಕು. ತಂಡಕ್ಕೆ ಬೇಸರ ಬರುವ ಹೊತ್ತಿಗೆ ಸಭೆಗೆ ಆಗಷ್ಟೇ ಬಾಯಿಗೆ ಬಂದಿರುತ್ತದೆ.

ಹಳೆಯ ಸ್ತುತಿಗೀತೆಗಳ ಪುಸ್ತಕಗಳಲ್ಲಿ ಒಂದು ಸೌಕರ್ಯವಿದೆ, ಹೊಸಬರು ಅದನ್ನು ಗಮನಿಸುವುದೇ ಇಲ್ಲ. ಇಂಗ್ಲಿಷ್ ಸ್ತುತಿಗೀತೆಗಳ ಬಳಿ 8.6.8.6 ಎಂಬಂಥ ಅಂಕಿಗಳಿರುತ್ತವೆ. ಅವು ಸಾಲಿನ ಉಚ್ಚಾರಾಂಶಗಳ ಲೆಕ್ಕ. ಲೆಕ್ಕ ಹೊಂದಿದರೆ ಒಂದರ ಸಾಹಿತ್ಯವನ್ನು ಮತ್ತೊಂದರ ರಾಗಕ್ಕೆ ಕೂರಿಸಬಹುದು, ಒತ್ತು ಬೀಳುವ ಜಾಗ ಮಾತ್ರ ನೋಡಿಕೊಳ್ಳಬೇಕು. ಅದೇ ರಾಗಗಳನ್ನು ಇಟ್ಟುಕೊಂಡು ಬೇರೆ ಭಾಷೆಗೆ ತಂದ ಗೀತೆಗಳಲ್ಲೂ ಈ ಉಪಾಯ ಹಲವೊಮ್ಮೆ ಫಲಿಸುತ್ತದೆ. ಸಭೆಗೆ ಗೊತ್ತಿರುವ ರಾಗದಲ್ಲಿ ಗೊತ್ತಿಲ್ಲದ ಸಾಹಿತ್ಯ ಹಾಡಿಸಲು ಇದಕ್ಕಿಂತ ಸುಲಭದ ದಾರಿ ನಾನು ಕಂಡಿಲ್ಲ.

ಇನ್ನು ದುಃಖದ ಹಾಡುಗಳು. ಬಹಳಷ್ಟು ತಂಡಗಳ ಪಟ್ಟಿಯಲ್ಲಿ ಇವು ಇರುವುದೇ ಇಲ್ಲ. ಆದರೆ ಕೀರ್ತನೆಗಳ ಪುಸ್ತಕ ತೆರೆದರೆ ಮೊರೆಯಿಡುವ ಕೀರ್ತನೆಗಳು ಹೆಜ್ಜೆಹೆಜ್ಜೆಗೂ ಸಿಗುತ್ತವೆ. ಹದಿಮೂರನೆಯದು "ಎಷ್ಟರವರೆಗೆ" ಎಂಬ ಪ್ರಶ್ನೆಯಿಂದಲೇ ಆರಂಭವಾಗುತ್ತದೆ. 88ನೆಯದು ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಯಲ್ಲೊಂದು ಸಮಾಧಾನದ ಸಾಲೂ ಇಲ್ಲ. ಆ ವಾರ ಮಣ್ಣು ಮಾಡಿ ಬಂದವರು, ಕೆಲಸ ಕಳೆದುಕೊಂಡವರು, ಆಸ್ಪತ್ರೆಯ ವರದಿಗೆ ಕಾಯುತ್ತಿರುವವರು ಸಭೆಯಲ್ಲಿ ಇದ್ದೇ ಇರುತ್ತಾರೆ. ಅವರ ಮುಂದೆ ನಿಂತು "ಎಲ್ಲರೂ ನಗುತ್ತಾ ಕೈ ತಟ್ಟಿರಿ" ಎನ್ನಲು ನನಗೆ ನಾಲಿಗೆ ಬರುವುದಿಲ್ಲ. ಪಾಪದ ಅರಿಕೆಗೂ ಸಂತೋಷದ ಹಾಡಿಗೂ ನಡುವೆ ಒಂದು ಮೊರೆಯ ಕೀರ್ತನೆಯನ್ನು ಓದಿಸುತ್ತೇನೆ, ಅಥವಾ ನಿಧಾನ ಲಯದ ಒಂದು ಹಾಡನ್ನು ಪಲ್ಲವಿಯ ಮಟ್ಟಿಗೆ ಹಾಡಿಸುತ್ತೇನೆ. ಶ್ರಮೆಯ ಕಾಲದಲ್ಲಿ, ಅಂದರೆ ಈಸ್ಟರ್‌ಗೆ ಮುಂಚೆ ಭಾನುವಾರಗಳನ್ನು ಬಿಟ್ಟು 40 ದಿನ, ಹಲವು ಸಭೆಗಳು "ಹಲ್ಲೆಲೂಯಾ" ಎಂಬ ಪದವನ್ನೇ ಹಾಡುವುದಿಲ್ಲ. ಆ ಉಪವಾಸದ ನಂತರ ಪುನರುತ್ಥಾನದ ಮುಂಜಾನೆ ಅದನ್ನು ಮತ್ತೆ ಎತ್ತಿಕೊಂಡಾಗ ಸಭೆಯ ದನಿಯೇ ಬೇರೆ. ಇದನ್ನು ನಾನು ಯಾವ ತಂತ್ರದಿಂದಲೂ ತರಿಸಲಾರೆ.

ಆರಾಧನೆ ಸಡಿಲಾಗುವುದು ಹೆಚ್ಚಾಗಿ ಎರಡು ಹಾಡುಗಳ ನಡುವಿನ ಸಂದಿಯಲ್ಲಿ. ಹಾಡು ಮುಗಿಯಿತು, ಹಾಳೆ ತಿರುಗುತ್ತದೆ, ಗಿಟಾರಿನವನು ಕ್ಯಾಪೊ ಕಳಚುತ್ತಾನೆ, ಡ್ರಮ್ಸ್‌ನವನು ನನ್ನ ಮುಖ ನೋಡುತ್ತಾನೆ. ಅಷ್ಟರಲ್ಲಿ ಜನರ ಮನಸ್ಸು ಹೊರಗೆ ಹೋಗಿ ಬಂದಿರುತ್ತದೆ. ನಾವು ತಾಲೀಮಿನಲ್ಲಿ ಹಾಡುಗಳಿಗಿಂತ ಹೆಚ್ಚಾಗಿ ಈ ಸಂದಿಗಳನ್ನೇ ತಿದ್ದುತ್ತೇವೆ. ಮೊದಲ ಹಾಡಿನ ಕೊನೆಯ ಸಾಲು, ಮುಂದಿನ ಹಾಡಿನ ಮೊದಲ ಸಾಲು, ಮತ್ತೆ ಅದೇ. ಜಿ ಸ್ಕೇಲಿನಿಂದ ಡಿ ಸ್ಕೇಲಿಗೆ ಹೋಗಬೇಕಿದ್ದರೆ ದಾರಿ ಹತ್ತಿರದ್ದು, ಏಳರಲ್ಲಿ ಆರು ಸ್ವರಗಳು ಎರಡಕ್ಕೂ ಸಮಾನ. ಕೀಬೋರ್ಡಿನವಳು ಜಿಯಲ್ಲಿ ನಿಂತು, ನಾನು ಒಂದು ವಚನ ಓದುವಷ್ಟು ಹೊತ್ತು ಮೆಲ್ಲಗೆ ನುಡಿಸಿ, ಎ ಸೆವೆನ್ತ್ ಎಂಬ ಕಾರ್ಡ್ (ಸ್ವರಗುಚ್ಛ) ಒತ್ತಿದರೆ ಕಿವಿಗಳು ತಾವಾಗಿಯೇ ಡಿ ಕಡೆಗೆ ತಿರುಗುತ್ತವೆ. ಜಿಯಿಂದ ಎ ಫ್ಲ್ಯಾಟಿನಂಥ ದೂರದ ಸ್ಕೇಲಿಗೆ ನೆಗೆಯಬೇಕಾದರೆ ನೆಗೆಯುವುದೇ ಬೇಡ: ವಾದ್ಯಗಳನ್ನು ಪೂರ್ತಿ ನಿಲ್ಲಿಸಿ ನಡುವೆ ಒಂದು ಪ್ರಾರ್ಥನೆ ಇಡುತ್ತೇನೆ, ಹಳೆಯ ಶ್ರುತಿ ಕಿವಿಯಿಂದ ಇಳಿದುಹೋಗುತ್ತದೆ.

ಸಂದಿಯಲ್ಲಿ ಮಾತಾಡುವುದು ಕಡಿಮೆಯಿದ್ದಷ್ಟೂ ಒಳ್ಳೆಯದು. ಹಾಡು ನಡೆಸುವವನು ಪ್ರತಿ ಹಾಡಿಗೆ ಮುಂಚೆ ಕಿರುಪ್ರಸಂಗ ಮಾಡಿದರೆ ಸಭಾಪಾಲಕರಿಗೆ ಉಳಿಯುವುದೇನು? ನಾನು ಹೇಳಬೇಕಾದ ವಾಕ್ಯವನ್ನು ಮೊದಲೇ ಬರೆದುಕೊಂಡು ಹೋಗುತ್ತೇನೆ. ಬರೆಯುವಾಗ ಅರ್ಧದಷ್ಟು ಮಾತು ಬೇಡವಾದದ್ದೆಂದು ಗೊತ್ತಾಗುತ್ತದೆ.

ಲಯದ ಬಗ್ಗೆ ಒಂದೇ ಮಾತು: ಜನರ ಮುಂದೆ ನಿಂತಾಗ ಎದೆಬಡಿತ ಏರುತ್ತದೆ, ಹಾಡೂ ಅದರ ಹಿಂದೆ ಓಡುತ್ತದೆ. ತಾಲೀಮಿನಲ್ಲಿ ನಿಮಿಷಕ್ಕೆ 72 ಬಡಿತದಲ್ಲಿ ಕೂತ ಹಾಡು ಆರಾಧನೆಯಲ್ಲಿ ತಿಳಿಯದೆಯೇ 80 ದಾಟಬಹುದು, ಸಾಲಿನ ನಡುವೆ ಉಸಿರಿಗೆ ಜಾಗ ಉಳಿಯುವುದಿಲ್ಲ. ಆರಂಭಿಸುವ ಮುನ್ನ ಲಯ ತೋರಿಸುವ ಮೆಟ್ರೊನೋಮ್‌ನ ದೀಪದತ್ತ ಒಮ್ಮೆ ನೋಡಿಯೇ ಎಣಿಕೆ ಕೊಡುತ್ತೇನೆ.

ಧ್ವನಿಯ ವ್ಯವಸ್ಥೆ ನನ್ನ ಕ್ಷೇತ್ರವಲ್ಲ, ಅದನ್ನು ನೋಡಿಕೊಳ್ಳುವವರಿದ್ದಾರೆ. ನಾನು ಅವರಲ್ಲಿ ಕೇಳಿಕೊಳ್ಳುವುದು ಇಷ್ಟೇ: ವೇದಿಕೆಯ ಮೇಲೆ ನಿಂತ ನನಗೆ ಸಭೆ ಹಾಡುವುದು ಕೇಳಿಸಬೇಕು. ಕೇಳಿಸದಿದ್ದರೆ ಮೊದಲು ನನ್ನ ಮೈಕ್ ಇಳಿಸಿ, ಆಮೇಲೆ ಡ್ರಮ್ಸ್. ಗೊತ್ತಿರುವ ಹಾಡಿನ ಕೊನೆಯ ಚರಣಕ್ಕೆ ವಾದ್ಯಗಳನ್ನೆಲ್ಲ ನಿಲ್ಲಿಸಿ ನಾನೂ ಮೈಕಿನಿಂದ ಹಿಂದೆ ಸರಿಯುತ್ತೇನೆ. ಮೊದಲ ಸಾಲು ಅಳುಕಿನಿಂದ ಬರುತ್ತದೆ. ಎರಡನೆಯ ಸಾಲಿಗೆ ಹಿಂದಿನ ಬೆಂಚಿನಿಂದ ಯಾರೋ ಗಂಡಸಿನ ದಪ್ಪ ದನಿ ಏಳುತ್ತದೆ, ಅದಕ್ಕೆ ಮಿಕ್ಕವರು ಕೂಡಿಕೊಳ್ಳುತ್ತಾರೆ. ಶ್ರುತಿ ಸರಿಯಾಗಿ ಆರಿಸಿದ್ದೆನೋ ಇಲ್ಲವೋ ಎಂಬುದು ಅಲ್ಲಿ ತಿಳಿಯುತ್ತದೆ.

ಸಭೆಯವರು ಮುಂದೆ ಬಂದು ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ಕರ್ತನ ಭೋಜನದ ಹಾಡುಗಳ ಕಷ್ಟ ಬೇರೆಯೇ. ಎಷ್ಟು ಹೊತ್ತು ಹಿಡಿಯುತ್ತದೆಂದು ಮೊದಲೇ ಹೇಳಲಾಗದು, ಕೈಯಲ್ಲಿ ಪುಸ್ತಕ ಹಿಡಿದು ನಡೆದುಬರಲೂ ಆಗದು. 136ನೆಯ ಕೀರ್ತನೆಯ 26 ವಚನಗಳಲ್ಲೂ ದೇವರ ಕೃಪೆ ಶಾಶ್ವತ ಎಂಬ ಮಾತು ಮರಳಿ ಮರಳಿ ಬರುತ್ತದೆ. ಮುಂದಾಳು ಒಂದು ಸಾಲು ಹಾಡಿದರೆ ಜನ ಆ ಮಾತನ್ನು ಮಾತ್ರ ಹಾಡಿದರೆ ಸಾಕು. ಈ ಕಟ್ಟಿನ ಹಾಡುಗಳನ್ನೇ ಆರಿಸುತ್ತೇನೆ. ಜನರ ಸಾಲು ಉದ್ದವಿದ್ದರೆ ಚರಣ ಕೂಡಿಸುತ್ತೇನೆ, ಬೇಗ ಕರಗಿದರೆ ಬಿಡುತ್ತೇನೆ. ಕೀಬೋರ್ಡಿನವಳಿಗೆ ನನ್ನ ಎತ್ತಿದ ಬೆರಳು ಕಂಡರೆ ಇನ್ನೊಂದು ಸುತ್ತು, ಮುಷ್ಟಿ ಕಂಡರೆ ಮುಕ್ತಾಯ. ತಂಡದವರು ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವುದು ಎಲ್ಲರಿಗಿಂತ ಮೊದಲು, ನಂತರವೇ ವಾದ್ಯದ ಮುಂದೆ ಕೂರುವುದು. ಇದೊಂದರಲ್ಲಿ ಯಾರ ವಿನಾಯಿತಿಯನ್ನೂ ನಾನು ಒಪ್ಪುವುದಿಲ್ಲ; ಹಾಡುವ ನೆಪದಲ್ಲಿ ವಾರಗಟ್ಟಲೆ ಮೇಜಿನ ಹತ್ತಿರವೇ ಬಾರದ ವಾದ್ಯಗಾರರನ್ನು ಬೇಕಾದಷ್ಟು ಕಂಡಿದ್ದೇನೆ.