ಮುಗಿಸಿ ಬಂದವರಿಗೆ ಕಾಫಿ ಮಾತ್ರ

ನಮ್ಮ ಓದುಗರ ಬಳಗದಲ್ಲಿ ಒಂದೇ ನಿಯಮ. ತಂದ ಪುಸ್ತಕವನ್ನು ಪೂರ್ತಿ ಓದಿದ್ದರೆ ಸುಮ್ಮನೆ ಕೂತು ಕಾಫಿ ಕುಡಿಯಬೇಕು. ಅರ್ಧಕ್ಕೆ ನಿಂತವರು, ನೂರನೇ ಪುಟದಲ್ಲಿ ಒದ್ದಾಡುತ್ತಿರುವವರು, ನಿನ್ನೆ ರಾತ್ರಿ ಶುರು ಮಾಡಿದವರು, ಇವರಿಗೆ ಮಾತ್ರ ಮಾತು. ಎರಡೂವರೆ ವರ್ಷದಿಂದ ತಿಂಗಳ ಎರಡನೇ ಭಾನುವಾರ ನಡೀತಾ ಇದೆ. ಒಂದೇ ಒಂದು ಸಲ ತಪ್ಪಿದ್ದು. 2024ರಲ್ಲಿ ದಸರಾ ಮಾರನೇ ದಿನವೇ ಎರಡನೇ ಭಾನುವಾರ ಬಿತ್ತು, ಮೈಸೂರಿಗೆ ಮೈಸೂರೇ ಮಲಗಿತ್ತು. ಬಳಗ ನಡೆಸಿ ಕೈ ಸುಟ್ಟುಕೊಂಡವರಿಗೆ ಎರಡೂವರೆ ವರ್ಷ ಅಂದರೆ ಏನು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಕೈಯೂ ಚೆನ್ನಾಗೇ ಸುಟ್ಟಿದೆ. ಮೊದಲು ಎಲ್ಲರ ಹಾಗೆ ತಿಂಗಳಿಗೊಂದು ಪುಸ್ತಕ ಆರಿಸಿ, ಎಲ್ಲರೂ ಅದನ್ನೇ ಓದಿ ಬರೋದು ಅಂತ ಮಾಡಿದೆ. ಉತ್ಸಾಹದಲ್ಲಿ ಹನ್ನೆರಡು ಪ್ರತಿ ನಾನೇ ತಂದೆ. ರಿಯಾಯಿತಿ ಕಳೆದು 3,300 ಚಿಲ್ಲರೆ ಆಯಿತು. ದುಡ್ಡು ಆಮೇಲೆ ಕೊಡ್ತೀವಿ ಅಂದರು. ತಿಂಗಳಾದ ಮೇಲೆ ದುಡ್ಡು ಬರಲಿಲ್ಲ, ಏಳು ಪುಸ್ತಕ ವಾಪಸ್ ಬಂದವು. ಪುಟ ಬಿಡಿಸಿದ ಗುರುತೇ ಇಲ್ಲ, ಅಂಗಡಿಯಿಂದ ಬಂದ ಹಾಗೇ ಇದ್ದವು. ಒಂದರಲ್ಲಿ ಮಾತ್ರ ಹಾಲಿನ ಲೆಕ್ಕ ಬರೆದ ಚೀಟಿ ಇತ್ತು.

ಎರಡನೇ ಸಲ, ಓದಿ ಮುಗಿಸಿದ ಪುಸ್ತಕದ ಬಗ್ಗೆ ಒಬ್ಬೊಬ್ಬರು ಮಾತಾಡೋದು ಅಂತ ಇಟ್ಟೆ. ಅದು ಇನ್ನೂ ಕೆಟ್ಟದಾಯಿತು. ಅರ್ಧ ದಿನಕ್ಕೆ 700 ರೂಪಾಯಿ ಬಾಡಿಗೆ ಕೊಟ್ಟು ಹಾಲ್ ಹಿಡಿದರೆ, ಒಬ್ಬರು ಮೈಕ್ ಇಲ್ಲದೆಯೂ ಐವತ್ತು ನಿಮಿಷ ಭಾಷಣ ಮಾಡಿದರು. ಕಥೆ ಪೂರ್ತಿ ಹೇಳಿ, ಕೊನೆಗೆ ಯಾರು ಸತ್ತರು ಅಂತಲೂ ಹೇಳಿ, 'ಎಲ್ಲರೂ ಓದಲೇಬೇಕಾದ ಕೃತಿ' ಅಂದರು. ಇನ್ನೇನು ಉಳಿದಿದೆ ಓದೋಕೆ? ವಾಟ್ಸಾಪ್ ಗುಂಪಿನ ಕಥೆ ಬೇಡ ಬಿಡಿ, ಶುಭೋದಯದ ಹೂವುಗಳಲ್ಲೇ ಮುಳುಗಿತು. ಬಾಡಿಗೆ, ವಡೆ, ಪುಸ್ತಕ ಎಲ್ಲ ಸೇರಿ ಹದಿನಾಲ್ಕು ಸಾವಿರದ ಹತ್ತಿರ ಹೋಗಿರಬೇಕು. ಮನೆಯವರ ಲೆಕ್ಕದಲ್ಲಿ ಇದು ಹದಿನೆಂಟು.

ಹೊಸ ದಾರಿ ಸಿಕ್ಕಿದ್ದು ಅಂಗಡಿಯಲ್ಲಿ. ನನ್ನದು ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ. ಒಂದು ಮಧ್ಯಾಹ್ನ ಗಲ್ಲಾದ ಮೇಲೆ ಪುಸ್ತಕ ಬೋರಲು ಹಾಕಿ ವೈರ್ ಅಳೀತಿದ್ದೆ. ಕಾಯ್ತಿದ್ದ ಎಲೆಕ್ಟ್ರಿಷಿಯನ್ ಹುಡುಗ 'ಹೆಂಗಿದೆ ಸಾರ್ ಅದು?' ಅಂದ. ನಾನು, 'ಈ ಮನುಷ್ಯ ಹೆಂಡತಿ ಹತ್ರ ಏನೋ ಮುಚ್ಚಿಡ್ತಿದಾನೆ ಕಣೋ, ಏನು ಅಂತ ಗೊತ್ತಾಗ್ತಿಲ್ಲ' ಅಂದೆ. ಅವನು 'ಸಾಲ ಇರುತ್ತೆ ಸಾರ್' ಅಂದ. ಪಕ್ಕದಲ್ಲಿ ಟ್ಯೂಬ್‌ಲೈಟ್ ಚೋಕ್ ತಗೊಳ್ಳೋಕೆ ಬಂದಿದ್ದ ಹೆಂಗಸು 'ಸಾಲ ಅಲ್ಲ, ಕಾಯಿಲೆ' ಅಂದರು. ಇಬ್ಬರೂ ಆ ಪುಸ್ತಕದ ಮುಖ ನೋಡಿದವರಲ್ಲ. ಹತ್ತು ನಿಮಿಷ ವಾದ ನಡೆಯಿತು, ವೈರ್ ಎಷ್ಟು ಮೀಟರ್ ಅಳೆದೆ ಅನ್ನೋದೇ ಮರೆತುಹೋಯಿತು. ಅದೇ ಪುಸ್ತಕ ಮುಗಿಸಿಬಿಟ್ಟಿದ್ದರೆ 'ಚೆನ್ನಾಗಿದೆ, ಓದು' ಅಂತಿದ್ದೆ, ಅಲ್ಲಿಗೆ ಮುಗೀತಿತ್ತು.

ಇದನ್ನೇ ಬಳಗದಲ್ಲಿ ಮಾಡೋಣ ಅಂದಾಗ ನಗದವರಿಲ್ಲ. ನಿವೃತ್ತ ಕನ್ನಡ ಮೇಷ್ಟ್ರು ಒಬ್ಬರು, 'ಅರೆಬೆಂದ ಅನ್ನ ಬಡಿಸ್ತೀಯೇನಯ್ಯಾ?' ಅಂದರು. 'ಬೆಂದಿದೆಯಾ ಅಂತ ನೋಡೋಕೆ ಒಂದು ಅಗುಳು ಸಾಕು ಅಂತ ನೀವೇ ಹೇಳಿಕೊಟ್ಟಿದ್ದಲ್ವಾ ಸಾರ್' ಅಂದೆ. ಅವರು ಆರು ತಿಂಗಳು ಈ ಕಡೆ ತಲೆ ಹಾಕಲಿಲ್ಲ.

ನಡೆಸೋ ರೀತಿ ಇಷ್ಟೇ. ಜಾಗ ನಮ್ಮ ಮನೆ ಮಹಡಿ, ಹಾಗಾಗಿ ಬಾಡಿಗೆ ಇಲ್ಲ. ಡಬ್ಬಿಗೆ ತಲಾ 20 ರೂಪಾಯಿ. ಹದಿನೈದು ಜನ ಬಂದರೆ ಕಾಫಿ, ಬೋಂಡಾ ಎರಡೂ ಗಿಟ್ಟುತ್ತೆ. ಪುಸ್ತಕದೊಳಗೆ ಗುರುತು ಇಟ್ಟುಕೊಂಡೇ ಬರಬೇಕು. ಐದು ನಿಮಿಷದಲ್ಲಿ ಮೂರು ಮಾತು: ಎಲ್ಲಿದ್ದೀರಿ, ಯಾಕೆ ಇನ್ನೂ ಬಿಸಾಕಿಲ್ಲ, ಮುಂದೆ ಏನಾಗುತ್ತೆ. ಮೂರನೆಯದನ್ನು ನಾನು ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರ್ಕೊಳ್ತೀನಿ. ಮುಂದಿನ ಸಲ ಅವರ ಮುಖದ ಮುಂದೆಯೇ ಓದ್ತೀನಿ. ಸಮಯ ಮುಗಿದರೆ ಹೊಡೆಯೋಕೆ ಅಂಗಡಿಯಲ್ಲಿ ಮಾರಾಟವಾಗದೆ ಉಳಿದ ಕಾಲಿಂಗ್ ಬೆಲ್ಲನ್ನು ಹಲಗೆಗೆ ಕೂರಿಸಿದ್ದೀನಿ, ಕೋಗಿಲೆ ಸದ್ದಿನದು. ಎಂಥಾ ಭಾಷಣಕಾರನೂ ಕೋಗಿಲೆ ಕೂಗಿದ ಮೇಲೆ ಗಂಭೀರವಾಗಿ ಮಾತಾಡೋಕೆ ಆಗಲ್ಲ.

ಬಾಯಿ ಬಿಡದವರನ್ನು ಮಾತಾಡಿಸೋಕೆ ಒಂದು ಉಪಾಯ ಇದೆ. ಅದು ನನ್ನ ಹತ್ತಿರವೇ ಇರಲಿ. ಕೂರಿಸೋ ಜಾಗಕ್ಕೆ ಸಂಬಂಧಪಟ್ಟದ್ದು ಅಂತ ಮಾತ್ರ ಹೇಳ್ತೀನಿ.

ನನಗೆ ಧೈರ್ಯ ಬಂದದ್ದು ಐದನೇ ತಿಂಗಳಲ್ಲಿ. ಬಟ್ಟೆ ಹೊಲಿಯುವ ಅಕ್ಕ ಒಬ್ಬರು 'ಮಲೆಗಳಲ್ಲಿ ಮದುಮಗಳು' ತಂದಿದ್ದರು. ಕುವೆಂಪು ಅವರ 1967ರ ಕಾದಂಬರಿ, ಏಳುನೂರು ಪುಟ ಅಂದುಕೊಳ್ಳಿ. ಮಿಷನ್ ಮೇಲೆ ಕೂತಾಗ ಬಿಡುವಾದರೆ ನಾಲ್ಕು ಪುಟ, ಇಲ್ಲದಿದ್ದರೆ ಅದೂ ಇಲ್ಲ. ಇಂಚು ಟೇಪಿನ ಹರಿದ ತುಂಡೇ ಅವರ ಗುರುತು. ಅವರು ಎದ್ದು ನಿಂತು, 'ನನಗೆ ಈ ಮನುಷ್ಯರು ಯಾರೂ ಬೇಡ. ಗುತ್ತಿಯ ನಾಯಿ ಇದೆಯಲ್ಲ, ಹುಲಿಯ, ಅದೊಂದು ಸಾಕು. ಗುತ್ತಿಗೆ ಏನು ಬೇಕಾದರೂ ಆಗಲಿ, ಹುಲಿಯ ಕೊನೇವರೆಗೂ ಇರುತ್ತೆ, ಬರ್ಕೊಳ್ಳಿ' ಅಂದರು. ಆ ಮಹಡಿಯಲ್ಲಿ ಪುಸ್ತಕ ಮುಗಿಸಿದವರು ಐದಾರು ಜನ ಇದ್ದರು. ಒಬ್ಬರು ತಾರಸಿ ನೋಡಿದರು. ಒಬ್ಬರು ಖಾಲಿ ಲೋಟದಿಂದ ಕಾಫಿ ಕುಡಿದರು. ನಾನು ತಲೆ ಎತ್ತದೆ ಬರ್ಕೊಂಡೆ. ಯಾರೂ ಉಸಿರೆತ್ತಲಿಲ್ಲ.

ಮೂರು ತಿಂಗಳಾದ ಮೇಲೆ ಆಕೆ ಮೆಟ್ಟಿಲು ಹತ್ತಿ ಬಂದವರೇ, ಚಪ್ಪಲಿಯನ್ನೂ ಬಿಡದೆ, 'ನಿಮಗೆಲ್ಲ ಗೊತ್ತಿತ್ತು ಅಲ್ವಾ?' ಅಂದರು. ಏನು ಗೊತ್ತಿತ್ತು ಅಂತ ನಾನು ಇಲ್ಲೂ ಹೇಳಲ್ಲ, ನೀವು ಎಷ್ಟನೇ ಪುಟದಲ್ಲಿದ್ದೀರೋ ಏನೋ. ಆದರೆ ಅವತ್ತು ಆ ಕಾದಂಬರಿ ಬಗ್ಗೆ ನಡೆದಂಥ ಮಾತು ನಾನು ಯಾವ ವಿಚಾರ ಸಂಕಿರಣದಲ್ಲೂ ಕೇಳಿಲ್ಲ. ಒಂದೂವರೆ ಗಂಟೆ ಕೋಗಿಲೆ ಕೂಗಲೇ ಇಲ್ಲ.

ಎಲ್ಲ ಪುಸ್ತಕಕ್ಕೂ ಇದು ನಡೆಯುತ್ತೆ ಅಂದುಕೊಳ್ಳಬೇಡಿ. ತೇಜಸ್ವಿ ಅವರ 'ಕರ್ವಾಲೊ' ತಂದವರು ಯಾರೂ ಅರ್ಧದಲ್ಲಿ ಉಳಿಯಲಿಲ್ಲ. ಶನಿವಾರ ಶುರು ಮಾಡಿ ಭಾನುವಾರ ಬೆಳಗ್ಗೆ ಮುಗಿಸಿ, ಬಾಯಿ ಕಟ್ಟಿಸಿಕೊಂಡು ಕೂತರು ಪಾಪ. ಭೈರಪ್ಪನವರ 'ಪರ್ವ' ಬಂದಾಗ ನನ್ನ ಮೂರನೇ ಪ್ರಶ್ನೆಯೇ ನಗೆಪಾಟಲಾಯಿತು. ಮಹಾಭಾರತದಲ್ಲಿ ಮುಂದೇನಾಗುತ್ತೆ ಅಂತ ಕೇಳೋದಾ? ಆವತ್ತು ಪ್ರಶ್ನೆ ಬದಲಾಯಿಸಿದೆ: ಮುಂದೆ ಯಾರ ಮೇಲೆ ಸಿಟ್ಟು ಬರುತ್ತೆ? ತಂದವರು ಇನ್ನೂ ಶಲ್ಯನ ಹತ್ತಿರವೇ ಇದ್ದರು. ಪುಸ್ತಕ ಅವನಿಂದಲೇ ಶುರುವಾಗೋದು. 'ದುರ್ಯೋಧನನ ಮೇಲೆ, ಇನ್ಯಾರ ಮೇಲೆ?' ಅಂದರು. ಎರಡು ತಿಂಗಳಲ್ಲಿ ಅವರ ಸಿಟ್ಟು ಧರ್ಮರಾಜನ ಕಡೆ ತಿರುಗಿತ್ತು. ಕತೆಗಳ ಸಂಕಲನಕ್ಕಂತೂ ನನ್ನ ಲೆಕ್ಕ ಕೂರೋದೇ ಇಲ್ಲ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ 'ಹಾರ್ಟ್ ಲ್ಯಾಂಪ್'ಗೆ ಇಂಟರ್‌ನ್ಯಾಷನಲ್ ಬುಕರ್ ಬಂತಲ್ಲ, ಮುಂದಿನ ತಿಂಗಳು ನಾಲ್ಕು ಜನ ಅವರ ಕತೆಗಳನ್ನೇ ತಂದರು. ಕೆಲವರ ಕೈಯಲ್ಲಿ ಕನ್ನಡದ್ದು, ಕೆಲವರ ಕೈಯಲ್ಲಿ ದೀಪಾ ಭಾಸ್ತಿ ಅವರ ಇಂಗ್ಲಿಷ್ ಅನುವಾದ. ಅದರಲ್ಲಿ ಹನ್ನೆರಡು ಕತೆ. ಒಬ್ಬರು ಮೂರು ಮುಗಿಸಿದ್ದಾರೆ, ಒಬ್ಬರು ಏಳು. ಇವರನ್ನು ಮುಗಿಸಿದವರು ಅನ್ನೋದಾ, ಮುಗಿಸದವರು ಅನ್ನೋದಾ? ನಿಯಮ ಪಕ್ಕಕ್ಕಿಟ್ಟೆ. ಅವರು ಒಂದೇ ಕತೆಯನ್ನು ಎರಡು ಭಾಷೆಯಲ್ಲಿ ಅಕ್ಕಪಕ್ಕ ಇಟ್ಟು ಸಂಜೆವರೆಗೂ ಜಗಳಾಡಿದರು.

ನಡುವೆ ಒಂದು ಹುಚ್ಚಾಟವನ್ನೂ ಮಾಡಿದೆ. ಊಹೆಯನ್ನು ಐವತ್ತು ಪೈಸೆ ಪೋಸ್ಟ್ ಕಾರ್ಡಿನಲ್ಲಿ ಬರೆದು ಪ್ರತಿಯೊಬ್ಬರೂ ನನ್ನ ವಿಳಾಸಕ್ಕೆ ಹಾಕೋದು. ಅಂಚೆ ಮೊಹರು ಬಿದ್ದ ಮೇಲೆ 'ನಾನು ಹಾಗೆ ಹೇಳೇ ಇರಲಿಲ್ಲ' ಅನ್ನೋ ಹಾಗಿಲ್ಲ ನೋಡಿ. ಖರ್ಚು ಹತ್ತು ರೂಪಾಯಿಯೊಳಗೆ. ಎರಡು ತಿಂಗಳು ಚೆನ್ನಾಗಿತ್ತು. ಆಮೇಲೆ ಒಂದು ದಿನ ಪೋಸ್ಟ್‌ಮನ್ ಅಂಗಡಿಗೇ ಬಂದು, 'ಸಾರ್, ಆ ಹುಡುಗಿ ಕೊನೆಗೆ ಮನೆಗೆ ವಾಪಸ್ ಬಂದ್ಲಾ?' ಅಂದರು. ಈಗ ಅವರೂ ಬರ್ತಾರೆ. ಕಾರ್ಡು ನಿಲ್ಲಿಸಿದೆ.

ಮೇಷ್ಟ್ರೂ ಬಂದರು. ಮೊದಲ ದಿನವೇ ಹದಿನಾಲ್ಕು ನಿಮಿಷ ತಗೊಂಡರು, ಕೋಗಿಲೆಗೆ ಸೊಪ್ಪು ಹಾಕಲಿಲ್ಲ.

ಈಗಿನ ತಲೆನೋವು ಬೇರೆ. ಗುಟ್ಟಾಗಿ ಪುಸ್ತಕ ಮುಗಿಸಿ, ಗುರುತನ್ನು ಹಿಂದಕ್ಕೆ ಇಟ್ಟುಕೊಂಡು ಬರೋರು ಶುರುವಾಗಿದ್ದಾರೆ. ಊಹೆ ಸರಿಯಾಯಿತು ಅನ್ನಿಸಿಕೊಳ್ಳೋ ಆಸೆ. ಇವರನ್ನು ಹಿಡಿಯೋಕೆ ನಾನು ಕೇಳೋ ಒಂದು ಪ್ರಶ್ನೆ ಇದೆ, ಅದನ್ನೂ ಇಲ್ಲಿ ಬರೆಯಲ್ಲ. ಬರೆದರೆ ಮುಂದಿನ ಭಾನುವಾರವೇ ಕೆಟ್ಟುಹೋಗುತ್ತೆ. ಸಿಕ್ಕಿಬಿದ್ದವರು ಎಲ್ಲರ ಬೋಂಡಾ ಖರ್ಚು ಕೊಡಬೇಕು, ಸುಮಾರು 200 ರೂಪಾಯಿ. ಹೋದ ತಿಂಗಳು ಸಿಕ್ಕಿಬಿದ್ದದ್ದು ನಮ್ಮ ಮನೆಯವರೇ. ಬೋಂಡಾ ಕರಿದದ್ದೂ ಅವರೇ, ಹಾಗಾಗಿ ದಂಡ ನಾನು ಕಟ್ಟಿದೆ.