ಹ್ಯೂಗೆನಾಟ್ ಪೂರ್ವಜರ ಹುಡುಕಾಟ: ದಾರಿ ಸಿಕ್ಕಿದ್ದು ಮದುವೆ ಪುಸ್ತಕದಲ್ಲಿ

ನನ್ನ ಪತ್ನಿಯ ತಾಯಿಯ ಕಡೆಯವರು ಹ್ಯೂಗೆನಾಟರು, ಅಂದರೆ ಫ್ರಾನ್ಸಿನಿಂದ ಓಡಿಬಂದ ಪ್ರಾಟೆಸ್ಟೆಂಟ್ ಕ್ರೈಸ್ತರು. ಅವರ ವಂಶಾವಳಿ ಜರ್ಮನಿಯ ಕಾಸೆಲ್ ಹತ್ತಿರದ ಹೋಫ್‌ಗೈಸ್ಮಾರ್ ಸೀಮೆಯಲ್ಲಿ, 1750ರ ಆಸುಪಾಸಿಗೆ ಬಂದು ನಿಂತುಬಿಟ್ಟಿತ್ತು. ಅದಕ್ಕಿಂತ ಹಿಂದೆ ಆ ಹೆಸರೇ ಇಲ್ಲ.

ವಂಶವೃಕ್ಷದ ಜಾಲತಾಣಗಳಲ್ಲಿ ಮನೆತನದ ಹೆಸರು ಕೊಟ್ಟು ಹುಡುಕಿದರೆ ಏನೂ ಬರಲಿಲ್ಲ. ಫ್ರೆಂಚ್ ಹೆಸರನ್ನು ಪಾದ್ರಿಗಳು ಕಿವಿಗೆ ಬಿದ್ದಂತೆ ಬರೆದುಕೊಂಡಿದ್ದಾರೆ, ಹಾಗಾಗಿ ಕಾಗುಣಿತ ತಾಳೆಯಾಗುವುದಿಲ್ಲ. ಜರ್ಮನ್ ಚರ್ಚಿನ ದಾಖಲೆಯಲ್ಲೂ ಸಿಗಲಿಲ್ಲ. 1685ರಲ್ಲಿ ಫ್ರಾನ್ಸ್ ಪ್ರಾಟೆಸ್ಟೆಂಟ್ ಧರ್ಮವನ್ನು ನಿಷೇಧಿಸಿದ ನಂತರ ಬಂದ ನಿರಾಶ್ರಿತರಿಗೆ ಪ್ರತ್ಯೇಕ ಫ್ರೆಂಚ್ ಸಭೆಗಳಿದ್ದವು, ಪುಸ್ತಕಗಳೂ ಬೇರೆ.

ಫಲಿಸಿದ ಕ್ರಮ ಇದು. ಜರ್ಮನ್ ಚರ್ಚುಗಳ ಹಳೆಯ ಪುಸ್ತಕಗಳ ಚಿತ್ರಗಳಿರುವ ಆರ್ಕಿಯಾನ್ ಜಾಲತಾಣದಲ್ಲಿ ಹೆಸರಿನಿಂದಲ್ಲ, ಊರಿನಿಂದ ಹೋಗಿ: ಕುರ್‌ಹೆಸ್ಸೆನ್-ವಾಲ್ಡೆಕ್ ವಿಭಾಗ, ಅದರೊಳಗೆ 1686ರಲ್ಲಿ ನೆಲೆಯಾದ ಕಾರ್ಲ್ಸ್‌ಡೋರ್ಫ್‌ನಂಥ ಹ್ಯೂಗೆನಾಟ್ ಹಳ್ಳಿ. ಬ್ಯಾಪ್ಟಿಸಂ ಪುಸ್ತಕ ಆಮೇಲೆ, ಮೊದಲು ಮದುವೆಯದು. ಫ್ರೆಂಚಿನಲ್ಲಿ ಬರೆದ ಆ ನಮೂದಿನಲ್ಲಿ ವರನ ತಂದೆಯ ಹೆಸರಿನ ಜೊತೆಗೇ ಹುಟ್ಟೂರು, ಪ್ರಾಂತ್ಯ ಎರಡೂ ಇದ್ದವು. ಪ್ರಾಂತ್ಯ ಆಗ್ನೇಯ ಫ್ರಾನ್ಸಿನ ದೋಫಿನೆ. ಹೆಂಗಸರನ್ನು ತವರಿನ ಹೆಸರಿನಲ್ಲೇ ಹುಡುಕಬೇಕು, ಮದುವೆಯಾದ ಮೇಲೂ ಅದೇ ಬರೆದಿರುತ್ತದೆ.

ತಾರೀಖಿನ ಬಗ್ಗೆ ಎಚ್ಚರ: ಪ್ರಾಟೆಸ್ಟೆಂಟ್ ಜರ್ಮನ್ ರಾಜ್ಯಗಳು 1700ರ ಫೆಬ್ರುವರಿವರೆಗೆ ಹಳೆಯ ಜೂಲಿಯನ್ ಪಂಚಾಂಗದಲ್ಲಿದ್ದವು, ಫ್ರಾನ್ಸ್ ಆಗಲೇ ಇಂದಿನ ಗ್ರೆಗೋರಿಯನ್ ಪಂಚಾಂಗಕ್ಕೆ ಬಂದಿತ್ತು. ಆ ಕಾಲದ ಜರ್ಮನ್ ತಾರೀಖನ್ನು ಫ್ರಾನ್ಸಿನ ದಾಖಲೆಯೊಂದಿಗೆ ತಾಳೆ ನೋಡುವಾಗ ಅದಕ್ಕೆ 10 ದಿನ ಕೂಡಿಸಿ. ಹುಟ್ಟೂರು ಗೊತ್ತಾದ ಮೇಲೆ ಆ ಜಿಲ್ಲೆಯ ಫ್ರೆಂಚ್ ದಾಖಲಾಗಾರದಲ್ಲಿ 1685ಕ್ಕಿಂತ ಹಿಂದಿನ ಪ್ರಾಟೆಸ್ಟೆಂಟ್ ಪುಸ್ತಕ ಕೇಳಿ.